ಅಥೆನ್ಸಿನ ಜಗಲಿ, ಚಿಕ್ಕಲ್ಲೂರಿನ ಪಂಕ್ತಿ

ಧನವೆಷ್ಟಿದ್ದರೆ ಸಾಕು, ಯಾವ ನಷ್ಟಕ್ಕೆ ಎಷ್ಟು ಅಳಬೇಕು, ಯಾರೊಡನೆ ಕುಳಿತು ಉಂಡರೆ ಊಟ ರುಚಿಸೀತು ಎಂಬಂಥ, ಮೇಲ್ನೋಟಕ್ಕೆ ಮನೆಯ ಅಜ್ಜಿಯರ ಪಾಲಿಗೆ ಬಿಟ್ಟುಬಿಡಬಹುದೆನ್ನಿಸುವ ಪ್ರಶ್ನೆಗಳನ್ನು ಶಾಸ್ತ್ರದ ಘನತೆಗೆ ಏರಿಸಿದವರು ಪ್ರಾಚೀನ ಗ್ರೀಸಿನ ದಾರ್ಶನಿಕರು. ಕ್ರಿ.ಪೂ. 399ರಲ್ಲಿ ಎಪ್ಪತ್ತು ವರ್ಷದ ವೃದ್ಧನಾದ ಸಾಕ್ರಟೀಸನು ವಿಷದ ಬಟ್ಟಲನ್ನು ಬರಿದುಮಾಡಿದಂದಿನಿಂದ ಹಿಡಿದು ಕ್ರಿ.ಶ. 180ರಲ್ಲಿ ರೋಮಿನ ಚಕ್ರವರ್ತಿ ಮಾರ್ಕಸ್ ಔರೇಲಿಯಸನು ದಂಡಯಾತ್ರೆಯ ನಡುವೆ ಕಣ್ಮುಚ್ಚುವವರೆಗಿನ ಸುಮಾರು ಆರುನೂರು ವರ್ಷಗಳಲ್ಲಿ ಈ ಪ್ರಶ್ನೆಗಳನ್ನು ಆ ಪರಂಪರೆಯವರು ಎಷ್ಟು ಬಗೆಯಾಗಿ ತಿರುವಿ ನೋಡಿದರೆಂಬುದಕ್ಕೆ ಲೆಕ್ಕವಿಲ್ಲ. ಅವರ ವಿಚಾರಗಳಿಗೆ ಈಚೆಗೆ ಹೊಸ ಗಿರಾಕಿಗಳು ದೊರೆತಿದ್ದಾರೆ. ಯಂತ್ರೋದ್ಯಮಿಗಳೂ ಆಟಗಾರರೂ ಸೇನಾಧಿಕಾರಿಗಳೂ ಬೆಳಗ್ಗೆ ಎದ್ದು ಮಾರ್ಕಸನ ಸ್ವಗತಗಳನ್ನು ಓದುತ್ತಾರೆ. 1950ರ ದಶಕದಲ್ಲಿ ಹೊಸ ಮನೋಚಿಕಿತ್ಸೆಯೊಂದನ್ನು ಕಟ್ಟಿದ ಅಮೆರಿಕದ ಆಲ್ಬರ್ಟ್ ಎಲಿಸ್, ತನ್ನ ಪದ್ಧತಿಯ ಮೂಲತತ್ತ್ವ ಎಪಿಕ್ಟೇಟಸನೆಂಬ ಹಳೆಯ ಗುಲಾಮನದೆಂದು ಒಪ್ಪಿಕೊಂಡರು. ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಹನೂರಿನ ಗಾಡಿಗೆ ಕಾಯುವ ಕಾಲೇಜು ಹುಡುಗನೂ ಕಿವಿಗೆ ತಂತಿ ಸಿಕ್ಕಿಸಿಕೊಂಡು, ತನ್ನ ಕೈಯಲ್ಲಿರುವುದು ಯಾವುದು, ಇಲ್ಲದಿರುವುದು ಯಾವುದು ಎಂಬ ಅದೇ ಎಪಿಕ್ಟೇಟಸನ ವಿಭಾಗವನ್ನು ಅಚ್ಚಗನ್ನಡದಲ್ಲಿಯೇ ಕೇಳಬಹುದಾದ ಕಾಲ ಇದು.

ಇದು ಸಂತೋಷದ ಸಂಗತಿಯೇ. ಕನ್ನಡದ ಓದುಗನಿಗೆ ಈ ಬಂಧುತ್ವ ಹೊಸದೂ ಅಲ್ಲ. ಬಿ.ಎಂ.ಶ್ರೀ. ಅವರು ಸೊಫೊಕ್ಲಿಸನ ಏಜಾಕ್ಸನನ್ನು 1929ರಷ್ಟು ಹಿಂದೆಯೇ ‘ಅಶ್ವತ್ಥಾಮನ್’ ಆಗಿ ನಮ್ಮ ರಂಗಕ್ಕೆ ಕರೆತಂದರು. ಸಾಕ್ರಟೀಸನ ಕೊನೆಯ ದಿನಗಳ ಕಥನವನ್ನು ಎ.ಎನ್. ಮೂರ್ತಿರಾಯರು ತಮ್ಮ ತಿಳಿಗನ್ನಡದಲ್ಲಿ ಒದಗಿಸಿದರು. 1943ರಲ್ಲಿ ಹೊರಬಂದ ‘ಮಂಕುತಿಮ್ಮನ ಕಗ್ಗ’ವನ್ನು ಬಾಯಿಪಾಠ ಮಾಡಿದವನಿಗೆ ಮಾರ್ಕಸನ ಧಾಟಿ ಪರಕೀಯವೆನಿಸಲಾರದು. ಆದರೂ ಈಗಿನ ಈ ಪುನರುಜ್ಜೀವನವನ್ನು ಕಾಣುವಾಗ ನನಗೊಂದು ಅತೃಪ್ತಿ ಉಳಿಯುತ್ತದೆ. ಗ್ರೀಕರು ಬೀದಿಯಲ್ಲಿ ನಾಲ್ಕು ಜನರೆದುರಿಗೆ ನಡೆಸಿದ ಸಾಧನೆಯನ್ನು ನಾವು ಕದವಿಕ್ಕಿಕೊಂಡು ಸೇವಿಸುವ ಸಮಾಧಾನದ ಗುಳಿಗೆಯನ್ನಾಗಿ ಮಾಡಿಕೊಂಡಿದ್ದೇವೆ. ಸಹಿಸುವ ಪಾಠ ಉಳಿದಿದೆ, ಸಹವಾಸದ ಪಾಠ ಬಿಟ್ಟುಹೋಗಿದೆ. ಬಿಟ್ಟುಹೋದ ಆ ಅರ್ಧವನ್ನು ಹುಡುಕುವುದಕ್ಕೆ ಅಥೆನ್ಸಿನವರೆಗೆ ಹೋಗಬೇಕಾದುದಿಲ್ಲ; ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆಯಲ್ಲಿ, ಬೇರೆ ಹೆಸರಿನಲ್ಲಿ, ಬೇರೆ ದೈವಗಳ ಆಸರೆಯಲ್ಲಿ, ಅದು ಇನ್ನೂ ನಡೆದುಕೊಂಡು ಬರುತ್ತಿದೆ ಎಂಬುದು ನನ್ನ ಎಣಿಕೆ.

ಹಳೆಯ ಪಂಥಗಳ ಹೆಸರುಗಳನ್ನೇ ನೋಡಬಹುದು. ಜೀನೋ ಎಂಬಾತನ ಶಿಷ್ಯರು ಸ್ಟೋಯಿಕರೆನಿಸಿದ್ದು ಅಥೆನ್ಸಿನ ಪೇಟೆಯಂಚಿನ ಚಿತ್ರದ ಜಗಲಿಯೊಂದರಲ್ಲಿ, ಹೋಗಿಬರುವ ಜನರ ಗದ್ದಲದ ನಡುವೆಯೇ, ಅವನು ಪಾಠ ಹೇಳುತ್ತಿದ್ದನಾದ್ದರಿಂದ. ಎಪಿಕ್ಯೂರಸನ ಪಂಥಕ್ಕೆ ಅವನ ತೋಟವೇ ಹೆಸರಾಯಿತು. ಸಾಕ್ರಟೀಸನಿಗಂತೂ ಜಗಲಿಯೂ ಇರಲಿಲ್ಲ, ತೋಟವೂ ಇರಲಿಲ್ಲ. ಸಂತೆಯೇ ಅವನ ಪಾಠಶಾಲೆ. ಫ್ರಾನ್ಸಿನ ವಿದ್ವಾಂಸ ಪಿಯರ್ ಹಾಡೋ ತಮ್ಮ ಆಯುಷ್ಯದ ಬಹುಭಾಗವನ್ನು ವ್ಯಯಿಸಿ ತೋರಿಸಿಕೊಟ್ಟಿದ್ದು ಇದನ್ನೇ: ಆ ಗ್ರೀಕರಿಗೆ ದರ್ಶನವೆಂದರೆ ಸಿದ್ಧಾಂತಗಳ ಕಂತೆಯಲ್ಲ, ನಿತ್ಯದ ಅಭ್ಯಾಸ, ಗರಡಿಯ ಪಟ್ಟುಗಳಂತೆ ಗುರುವಿನ ಕಣ್ಣೆದುರಿಗೆ, ಸಹಪಾಠಿಗಳ ಜತೆಯಲ್ಲಿ ಕಲಿಯಬೇಕಾದ ವಿದ್ಯೆ.

ಆ ಜೀನೋನ ಶಿಷ್ಯವೃತ್ತಿಯ ಕಥೆಯೊಂದು ಉಳಿದುಬಂದಿದೆ. ಅವನು ಸೈಪ್ರಸ್ ದ್ವೀಪದ ವರ್ತಕ. ಹಡಗು ಮುಳುಗಿ ಸರಕೆಲ್ಲ ಸಮುದ್ರದ ಪಾಲಾಗಿ ಅಥೆನ್ಸಿಗೆ ಬಂದವನು, ಪುಸ್ತಕ ಮಾರುವವನ ಅಂಗಡಿಯಲ್ಲಿ ಕುಳಿತು ಸಾಕ್ರಟೀಸನ ವಿಷಯವಾಗಿ ಓದುವುದನ್ನು ಕೇಳಿ, ಇಂಥವರು ಈಗ ಎಲ್ಲಿ ಸಿಕ್ಕಾರೆಂದು ವಿಚಾರಿಸಿದನಂತೆ. ಅಷ್ಟರಲ್ಲಿ ಕ್ರೇಟಿಸನೆಂಬ ವಿರಕ್ತನು ಅತ್ತ ಹಾದುಹೋಗುತ್ತಿದ್ದ. ಅಂಗಡಿಯವನು ಅವನ ಹಿಂದೆ ಹೋಗೆಂದು ಕೈತೋರಿದ. ಈ ಕ್ರೇಟಿಸನು ಮನೆಮಾರುಗಳನ್ನೆಲ್ಲ ತೊರೆದವನು, ಡಯೋಜಿನಿಸನ ಗರಡಿಯಲ್ಲಿ ಪಳಗಿದವನು. ಹೊಸ ಶಿಷ್ಯನಿಗೆ ನಾಚಿಕೆ ಹೆಚ್ಚೆಂದು ಕಂಡ ಅವನು, ಬೇಯಿಸಿದ ಬೇಳೆಯ ಮಡಕೆಯೊಂದನ್ನು ಕೊಟ್ಟು, ಕುಂಬಾರಗೇರಿಯ ನಡುವೆ ಹೊತ್ತುಕೊಂಡು ಹೋಗೆಂದ. ಮಾಜಿ ವರ್ತಕನು ಅದನ್ನು ಹೊದಿಕೆಯ ಮರೆಯಲ್ಲಿ ಅಡಗಿಸಿಕೊಳ್ಳಲು ಹವಣಿಸಿದಾಗ ಗುರುವು ತನ್ನ ದೊಣ್ಣೆಯಿಂದ ಮಡಕೆಗೆ ಒಂದು ಕೊಟ್ಟ. ಬೇಳೆ ಕಾಲಿನ ಮೇಲೆಲ್ಲ ಹರಿಯಿತು. ನಾಚಿ ಓಡತೊಡಗಿದ ಶಿಷ್ಯನನ್ನು ಕುರಿತು, ಯಾವ ಕೇಡೂ ಆಗಿಲ್ಲವಲ್ಲ, ಓಡುವುದೇಕೆ ಎಂಬರ್ಥದ ಮಾತನ್ನು ಕ್ರೇಟಿಸನು ಹೇಳಿದನೆಂದು ಪರಂಪರೆ. ಮುಂದೆ ಚಕ್ರವರ್ತಿಗಳನ್ನೂ ಆಳಿದ ಸ್ಟೋಯಿಕ ಗಾಂಭೀರ್ಯದ ಅಸ್ತಿಭಾರವು ಹೀಗೆ ಕಾಲ ಮೇಲೆ ಚೆಲ್ಲಿದ ಬೇಳೆಯ ತಿಳಿಯಲ್ಲಿದೆ.

ಮರ್ಯಾದೆಯೆಂದು ನಾವು ತಿಳಿದಿರುವುದನ್ನು ಬೀದಿಯಲ್ಲಿ ಒಡೆದುಹಾಕುವ ಈ ಬಗೆಯ ಗುರುವನ್ನು ಕೊಳ್ಳೇಗಾಲದ ಸೀಮೆಯವರಿಗೆ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ತಂಬೂರಿ, ಗಗ್ಗರ, ಡಕ್ಕೆಗಳ ಮೇಳದೊಡನೆ ರಾತ್ರಿಯಿಡೀ ಹಾಡುವ ನೀಲಗಾರರ ಬಾಯಲ್ಲಿ ಮಂಟೇಸ್ವಾಮಿ ಇಂದಿಗೂ ಹಾಗೆಯೇ ಬಂದು ನಿಲ್ಲುತ್ತಾನೆ. ಧರೆಗೆ ದೊಡ್ಡವನೆನಿಸಿದ ಆ ಜಂಗಮನು ಬಸವಣ್ಣನವರ ಕಲ್ಯಾಣಕ್ಕೆ ಹೋಗುವುದು ರೇಷ್ಮೆಯ ಶಾಲು ಹೊದ್ದಲ್ಲ. ಮೈತುಂಬ ಹುಣ್ಣು, ಹತ್ತಿರ ಸುಳಿಯಲಾಗದ ದುರ್ನಾತ, ನೋಡಿದವರು ಮೂಗು ಮುಚ್ಚುವ ವೇಷ. ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರಿಗೆ ದಾಸೋಹ ನಡೆಯುವ ಪಟ್ಟಣದ ಬಾಗಿಲಲ್ಲಿ ಈ ಒಬ್ಬ ಜಂಗಮನಿಗೆ ಪ್ರವೇಶವಿಲ್ಲ. ಶುಭ್ರವಸ್ತ್ರದ ಭಕ್ತಿ ಎಷ್ಟು ಆಳದ್ದೆಂದು ತಿಳಿಯಲು ಅವನು ತಿಪ್ಪೆಯ ಮೇಲೆ ಮಲಗುತ್ತಾನೆ. ಒಳಗಿರುವವರಲ್ಲಿ ಅವನನ್ನು ಗುರುತಿಸಬಲ್ಲವರು ಯಾರು ಎಂಬುದೇ ಕಾವ್ಯದ ಪ್ರಶ್ನೆ; ಉತ್ತರವಾಗಿ ಸಿಕ್ಕುವವರು ಬೆರಳೆಣಿಕೆಯವರು.

ಹಾಡುಹಗಲಿನಲ್ಲಿ ದೀಪ ಹಚ್ಚಿಕೊಂಡು ಅಥೆನ್ಸಿನ ಪೇಟೆಯಲ್ಲಿ ಮನುಷ್ಯನನ್ನು ಹುಡುಕಿದ ಡಯೋಜಿನಿಸನನ್ನು ಇಲ್ಲಿ ನೆನೆಯದಿರುವುದು ಸಾಧ್ಯವೇ? ಧಾನ್ಯ ತುಂಬುವ ದೊಡ್ಡ ಗುಡಾಣದಲ್ಲಿ ವಾಸವಾಗಿದ್ದವನು, ಬೊಗಸೆಯಲ್ಲಿ ನೀರು ಕುಡಿಯುವ ಮಗುವನ್ನು ಕಂಡು ತನ್ನ ಬಟ್ಟಲನ್ನೂ ಬಿಸುಟವನು, ಎದುರು ನಿಂತ ಅಲೆಕ್ಸಾಂಡರನಿಗೆ ಬಿಸಿಲಿಗೆ ಅಡ್ಡವಾಗದೆ ಸರಿಯೆಂದವನು. ಪ್ಲೇಟೋ ಅವನನ್ನು ಹುಚ್ಚುಹಿಡಿದ ಸಾಕ್ರಟೀಸನೆಂದು ಬಣ್ಣಿಸಿದನಂತೆ. ಬೈಗುಳವೋ ಬಿರುದೋ ತಿಳಿಯದ ಮಾತು. ಇವನ ಶಿಷ್ಯನಾದ ಒನೆಸಿಕ್ರಿಟಸನು ಅಲೆಕ್ಸಾಂಡರನ ದಂಡಿನೊಡನೆ ಕ್ರಿ.ಪೂ. 326ರಲ್ಲಿ ತಕ್ಷಶಿಲೆಗೆ ಬಂದು, ಅಲ್ಲಿ ಕಾದ ಕಲ್ಲುಗಳ ಮೇಲೆ ಬತ್ತಲೆ ಕುಳಿತಿದ್ದ ನಮ್ಮ ತಪಸ್ವಿಗಳನ್ನು ಕಂಡು ಮಾತಾಡಿದ ವೃತ್ತಾಂತವನ್ನು ಸ್ಟ್ರಾಬೊ ತನ್ನ ಭೂಗೋಳಗ್ರಂಥದಲ್ಲಿ ಉಳಿಸಿದ್ದಾನೆ. ಸಾಕ್ರಟೀಸ್, ಪೈಥಾಗೊರಸ್, ಡಯೋಜಿನಿಸರ ವಿಷಯವನ್ನೆಲ್ಲ ಕೇಳಿದ ಹಿರಿಯ ತಪಸ್ವಿಯು, ಅವರು ಒಳ್ಳೆಯವರೇ ಇರಬೇಕು, ಆದರೆ ಲೋಕರೂಢಿಗೆ ಕೊಂಚ ಹೆಚ್ಚಾಗಿಯೇ ಮಣಿದರು ಎಂಬ ಅಭಿಪ್ರಾಯವನ್ನು ಕೊಟ್ಟನಂತೆ. ಗುಡಾಣದಲ್ಲಿದ್ದವನನ್ನೂ ಲೋಕರೂಢಿಯ ದಾಸನೆಂದ ಆ ಧೈರ್ಯವನ್ನು ಮಂಟೇಸ್ವಾಮಿ ಕೇಳಿದ್ದರೆ ಬೆನ್ನು ತಟ್ಟುತ್ತಿದ್ದ.

ಇಷ್ಟರಿಂದಲೇ ಗ್ರೀಸಿನ ಗಾಳಿ ಕಾವೇರಿಯ ತೀರಕ್ಕೆ ಬೀಸಿತೆಂದು ಸಾಧಿಸಲು ಹೊರಡುವ ಉತ್ಸಾಹಿಗಳ ಜತೆಗೆ ನಾನಿಲ್ಲ. ಮಂಟೇಸ್ವಾಮಿಯ ಕಾಲ ಹದಿನೈದು ಹದಿನಾರನೆಯ ಶತಮಾನಗಳ ಆಸುಪಾಸೆಂದು ವಿದ್ವಾಂಸರ ಊಹೆ. ಹನ್ನೆರಡನೆಯ ಶತಮಾನದ ಕಲ್ಯಾಣದೊಡನೆ ಅವನು ನಡೆಸುವ ಮುಖಾಮುಖಿಯೇ ಕಾವ್ಯಸತ್ಯವಾಗಿರುವಾಗ ಅಥೆನ್ಸಿನೊಡನೆ ಅವನಿಗೆಲ್ಲಿಯ ವ್ಯವಹಾರ? ವ್ಯತ್ಯಾಸವೂ ಸಣ್ಣದಲ್ಲ. ಡಯೋಜಿನಿಸನು ಯಾವ ದೇವರ ಹಂಗಿಗೂ ಬೀಳದವನು. ಮಂಟೇಸ್ವಾಮಿಯಾದರೋ ಬೊಪ್ಪಗೌಡನಪುರದ ಗದ್ದಿಗೆಯಲ್ಲಿ ಪೂಜೆಗೊಳ್ಳುವ ಪರಂಜ್ಯೋತಿ. ಮೊದಲಿನವನು ತನ್ನ ಹಿಂದೆ ಚಟಾಕಿಗಳನ್ನು ಬಿಟ್ಟುಹೋದ. ಎರಡನೆಯವನು ಒಕ್ಕಲುಗಳನ್ನು, ಶಿಶುಮಕ್ಕಳೆನಿಸಿದ ಶಿಷ್ಯರನ್ನು, ಕಂಡಾಯವೆಂಬ ಪೂಜಾಲಾಂಛನವನ್ನು, ವರ್ಷವರ್ಷವೂ ಕೂಡುವ ಜನಸ್ತೋಮವನ್ನು. ನನ್ನ ವಿಚಾರಕ್ಕೆ ಮುಖ್ಯವಾದದ್ದು ಈ ಎರಡನೆಯ ವ್ಯತ್ಯಾಸ.

ಆ ಶಿಶುಮಕ್ಕಳಲ್ಲಿ ಹಿರಿದು ಹೆಸರಾದವನು ಸಿದ್ದಪ್ಪಾಜಿ. ನಿಡುಘಟ್ಟದ ಪಾಂಚಾಳರ ಮನೆಯ ಕೆಂಪಾಚಾರಿಯಾಗಿದ್ದವನನ್ನು ಮಂಟೇಸ್ವಾಮಿ ಬೇಡಿ ಪಡೆದು, ಕಷ್ಟಗಳ ಕುಲುಮೆಯಲ್ಲಿ ಕಾಯಿಸಿ, ಕೊನೆಗೆ ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆಗೆಂದು ಅಟ್ಟುತ್ತಾನೆ. ಕಬ್ಬಿಣದ ಕೆಲಸದವರಲ್ಲಿ ಹುಟ್ಟಿದವನು ಕಬ್ಬಿಣದ ಕೆಲಸದವರ ಮುಂದೆಯೇ ಜೋಳಿಗೆ ಒಡ್ಡಬೇಕು. ಅವರೋ ಇಲ್ಲವೆನ್ನುತ್ತಾರೆ, ಅಣಕಿಸುತ್ತಾರೆ, ವಿಷವನ್ನೇ ಇಕ್ಕುತ್ತಾರೆ. ಬೇಡುವುದಕ್ಕಿಂತ ಬೇಡಿ ಇಲ್ಲವೆನ್ನಿಸಿಕೊಳ್ಳುವುದು ಕಠಿಣ. ಡಯೋಜಿನಿಸನು ಒಮ್ಮೆ ಕಲ್ಲಿನ ವಿಗ್ರಹವೊಂದರ ಮುಂದೆ ಕೈಚಾಚಿ ನಿಂತಿದ್ದನಂತೆ. ಏನಿದೆಂದು ಕೇಳಿದವರಿಗೆ, ಇಲ್ಲವೆನ್ನಿಸಿಕೊಳ್ಳುವ ಅಭ್ಯಾಸವನ್ನು ಮಾಡುತ್ತಿದ್ದೇನೆಂದು ಉತ್ತರವಿತ್ತನಂತೆ. ಮಲೆ ಮಹದೇಶ್ವರನ ಒಕ್ಕಲಿನ ಎಷ್ಟೋ ಮನೆಗಳಲ್ಲಿ ಈ ಅಭ್ಯಾಸ ಹರಕೆಯ ರೂಪದಲ್ಲಿ ನಿಂತುಬಂದಿದೆ: ಕೋರಣ್ಯಕ್ಕೆ ಹೋಗುವುದೆಂದರೆ, ಮನೆಯಲ್ಲಿ ಪಣತ ತುಂಬ ರಾಗಿಯಿದ್ದವನೂ ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೊಳಗಿನ ನಾಲ್ಕಾರು ಬಾಗಿಲುಗಳಲ್ಲಿ ಮಾದಪ್ಪನ ಹೆಸರು ಹೇಳಿ ನಿಲ್ಲಬೇಕು. ನಿನ್ನೆಯವರೆಗೆ ತನ್ನ ಮುಂದೆ ಕೈಕಟ್ಟಿ ನಿಂತವನ ಬಾಗಿಲಲ್ಲಿ ಇಂದು ತಾನು ನಿಲ್ಲುವುದು, ಅವನ ಹೆಂಡತಿ ಮೊರದಲ್ಲಿ ತಂದು ಸುರಿಯುವ ಹಿಟ್ಟನ್ನು ತಲೆಬಾಗಿ ಪಡೆಯುವುದು. ವರ್ಷಕ್ಕೆ ಕೆಲವು ದಿನ ಬಡವನ ಊಟವುಂಡು ಒರಟು ಬಟ್ಟೆಯುಟ್ಟು ಬಡತನದ ಭಯವನ್ನು ಕಳೆದುಕೋ ಎಂದು ಸ್ಟೋಯಿಕನಾದ ಸೆನೆಕನು ತನ್ನ ಮಿತ್ರನಿಗೆ ಪತ್ರ ಬರೆದನು. ಸೆನೆಕನು ಕೋಟ್ಯಧಿಪತಿ, ಅವನ ಅಭ್ಯಾಸ ಅರಮನೆಯೊಳಗಿನ ಏಕಾಂತದ ನಾಟಕವಾಗಬಹುದಾದ ಅಪಾಯವಿತ್ತು. ಕೋರಣ್ಯದವನಿಗೆ ಆ ಅಪಾಯವಿಲ್ಲ, ಏಕೆಂದರೆ ಅವನನ್ನು ಇಡೀ ಊರು ನೋಡುತ್ತಿರುತ್ತದೆ.

ಇನ್ನು ಎಪಿಕ್ಟೇಟಸನ ಮಾತಿಗೆ ಬರುತ್ತೇನೆ. ನಮ್ಮ ಕೈಯಲ್ಲಿರುವುದು, ಇಲ್ಲದಿರುವುದು ಎಂಬ ಅವನ ಪ್ರಸಿದ್ಧ ವಿಭಾಗವನ್ನು ಕೊಳ್ಳೇಗಾಲದಲ್ಲಿ ರೇಷ್ಮೆಹುಳು ಸಾಕುವ ಯಾವ ಗೃಹಿಣಿಯೂ ಪುಸ್ತಕವಿಲ್ಲದೆ ಬಲ್ಲಳು. ಚಾಕಿ ಕಟ್ಟಿದಂದಿನಿಂದ ಗೂಡು ಬಿಡಿಸುವವರೆಗೆ ಹೆಚ್ಚುಕಡಮೆ ಒಂದು ತಿಂಗಳು. ನಡುವೆ ಹುಳು ನಾಲ್ಕು ಬಾರಿ ಜ್ವರಕ್ಕೆ ಕೂತು, ಪೊರೆ ಕಳಚಿ ಏಳುತ್ತದೆ. ನಾಲ್ಕನೆಯ ಜ್ವರವೆದ್ದ ಮೇಲೆ ಅದರ ಹಸಿವು ಎಂಥದೆಂದರೆ, ಜನ್ಮದಲ್ಲಿ ತಿನ್ನುವ ಸೊಪ್ಪಿನ ನಾಲ್ಕರಲ್ಲಿ ಮೂರು ಪಾಲಿಗೂ ಮಿಕ್ಕಿದ್ದು ಆ ಏಳೆಂಟು ದಿನಗಳಲ್ಲಿಯೇ ಮುಗಿಯುತ್ತದೆ. ನಡುರಾತ್ರಿಯಲ್ಲಿ ಹುಳುಮನೆಯ ಬಾಗಿಲಲ್ಲಿ ನಿಂತರೆ ಸೊಪ್ಪು ಕಡಿಯುವ ಸದ್ದು ಸಣ್ಣ ಮಳೆ ಹಿಡಿದಂತೆ ಕೇಳಿಸುತ್ತದೆ. ತಟ್ಟೆ ತೊಳೆಯುವುದು, ಸುಣ್ಣ ಎರಚುವುದು, ಹಿಕ್ಕೆ ತೆಗೆಯುವುದು, ತೇವದ ಸೊಪ್ಪು ಹಾಕದಿರುವುದು, 1980ರಲ್ಲಿ ಈ ನಾಡಿಗೆ ಕಾಲಿಟ್ಟ ಊಜಿ ನೊಣ ನುಸುಳದಂತೆ ಕಿಟಕಿಗೆ ಬಲೆ ಬಿಗಿಯುವುದು, ಹಣ್ಣಾದ ಹುಳುವನ್ನು ಹೊತ್ತು ಮೀರದೆ ಚಂದ್ರಂಕಿಗೆ ಬಿಡುವುದು, ಇವೆಲ್ಲ ಅವಳ ಕೈಯಲ್ಲಿವೆ. ಇಷ್ಟಾದರೂ ಹಾಲುರೋಗ ಬೀಳುವುದು, ಸಪ್ಪೆರೋಗ ಹಿಡಿಯುವುದು, ರಾಮನಗರದ ಹರಾಜಿನಲ್ಲಿ ಅಂದು ಗೂಡಿನ ದರ ಕುಸಿದಿರುವುದು, ಇವು ಇಲ್ಲ. ಸ್ಟೋಯಿಕರು ಇದಕ್ಕೆ ಬಿಲ್ಲುಗಾರನ ದೃಷ್ಟಾಂತವನ್ನು ಕೊಡುತ್ತಿದ್ದರು: ಗುರಿ ಹಿಡಿದು ಹೆದೆಯೆಳೆದು ಬಿಡುವವರೆಗಿನ ಕೌಶಲ ಬಿಲ್ಲುಗಾರನದು, ನಡುವೆ ಬೀಸುವ ಗಾಳಿ ಅವನದಲ್ಲ, ಆದುದರಿಂದ ಅವನ ಸಾರ್ಥಕ್ಯವನ್ನು ಅಳೆಯಬೇಕಾದದ್ದು ಬಾಣ ಬಿಡುವ ಬಗೆಯಿಂದ, ಅದು ನಾಟಿತೇ ಎಂಬುದರಿಂದಲ್ಲ. ಬೆಳೆ ಕೆಟ್ಟ ಮರುದಿನವೇ ಮನೆಯನ್ನು ತೊಳೆದು ಮುಂದಿನ ಮೊಟ್ಟೆಗೆ ಹೇಳಿಕಳುಹಿಸುವ ಹೆಂಗಸರನ್ನು ಕಂಡವರಿಗೆ ಈ ದೃಷ್ಟಾಂತ ಬರಿಯ ಚಮತ್ಕಾರವೆನಿಸುವುದಿಲ್ಲ.

ಆದರೆ ಇಲ್ಲಿಯೇ ನಾನು ಮೊದಲು ಹೇಳಿದ ಅರ್ಧದ ಅಪಾಯವೂ ಇದೆ. ಗೂಡಿನ ದರವು ಒಬ್ಬಳ ಕೈಯಲ್ಲಿಲ್ಲವೆಂಬುದು ದಿಟ; ಯಾರ ಕೈಯಲ್ಲಿಯೂ ಇಲ್ಲವೆಂಬುದು ದಿಟವಲ್ಲ. ಮಳೆಯನ್ನು ಸಹಿಸಿದಂತೆ ದರವನ್ನೂ ಸಹಿಸಬೇಕೆಂದು ದಲ್ಲಾಳಿಯು ರೈತನಿಗೆ ಎಪಿಕ್ಟೇಟಸನನ್ನು ಬೋಧಿಸತೊಡಗಿದರೆ ಅದು ದರ್ಶನವಲ್ಲ, ವ್ಯಾಪಾರ. ಎಪಿಕ್ಟೇಟಸನು ಸ್ವತಃ ಗುಲಾಮನಾಗಿದ್ದವನು, ಕುಂಟನು. ತನ್ನ ಸಂಕಟವನ್ನು ಗೆಲ್ಲುವ ಉಪಾಯವನ್ನು ತಾನೇ ಕಂಡುಕೊಂಡು ನಿಕೊಪೊಲಿಸ್ ಪಟ್ಟಣದಲ್ಲಿ ಇತರರಿಗೂ ಕಲಿಸಿದವನು. ಗುಲಾಮನು ತನಗೆ ತಾನು ಹೇಳಿಕೊಂಡ ಧೈರ್ಯದ ಮಾತು ಒಡೆಯನ ಬಾಯಲ್ಲಿ ಅಪಹಾಸ್ಯವಾಗುತ್ತದೆ. ಮಾರ್ಕಸ್ ಔರೇಲಿಯಸನೂ, ಇಂದಿನ ಅವನ ಭಕ್ತರು ಬಿಟ್ಟು ಓದುವ ಎಷ್ಟೋ ಪುಟಗಳಲ್ಲಿ, ಮನುಷ್ಯರು ಕೈಕಾಲುಗಳ ಹಾಗೆ ಒಂದಕ್ಕೊಂದು ಒದಗುವುದಕ್ಕಾಗಿಯೇ ಹುಟ್ಟಿದವರೆಂದು ತನಗೆ ತಾನೇ ಮತ್ತೆ ಮತ್ತೆ ನೆನಪು ಮಾಡಿಕೊಳ್ಳುತ್ತಾನೆ. ಹನೂರಿನ ಕಡೆಯ ಮಳೆಯಾಧಾರದ ಹೊಲಗಳಲ್ಲಿ ಬಿತ್ತಿ, ಮುಗಿಲು ನೋಡಿ, ಕೊನೆಗೆ ಕೂಲಿಗೆಂದು ಗಡಿಯಾಚೆಯ ತಮಿಳು ಸೀಮೆಗೆ ಬಸ್ಸು ಹತ್ತುವವರಿಗೆ ಸಹನೆಯನ್ನು ಕಲಿಸಲು ಹೋಗುವ ಧಾರ್ಷ್ಟ್ಯ ನನಗಂತೂ ಇಲ್ಲ.

ಎಪಿಕ್ಯೂರಸನ ಹೆಸರಿಗೆ ಅಂಟಿದ ಅಪವಾದ ಇನ್ನೂ ಹಳೆಯದು. ಸುಖವೇ ಪುರುಷಾರ್ಥವೆಂದ ಆತನನ್ನು ಹೊಟ್ಟೆಬಾಕರ ಗುರುವೆಂದು ಹಳಿದವರು, ಮಿತ್ರನಿಗೆ ಬರೆದ ಕಾಗದದಲ್ಲಿ ಅವನು ಒಂದು ಸಣ್ಣ ಕುಡಿಕೆ ಗಿಣ್ಣು ಕಳುಹಿಸು, ಮನಸ್ಸಾದಾಗ ಹಬ್ಬ ಮಾಡುತ್ತೇನೆಂದು ಕೇಳಿಕೊಂಡದ್ದನ್ನು ಮರೆಯುತ್ತಾರೆ. ಬಯಕೆಗಳಲ್ಲಿ ಸಹಜವೂ ಅವಶ್ಯವೂ ಆದವು ಕೆಲವು, ಸಹಜವಾದರೂ ಅವಶ್ಯವಲ್ಲದವು ಕೆಲವು, ಎರಡೂ ಅಲ್ಲದವು ಉಳಿದವು. ಮೊದಲಿನವಕ್ಕೆ ಮಿತಿಯುಂಟು, ಕೊನೆಯವಕ್ಕಿಲ್ಲ ಎಂಬುದು ಅವನ ಲೆಕ್ಕಾಚಾರ. ಯಳಂದೂರಿನ ನೆತ್ತಿಯ ಮೇಲಿರುವ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಈ ಲೆಕ್ಕವನ್ನು ಬದುಕಿನಲ್ಲಿಯೇ ಮಾಡಿಕೊಂಡವರು. ಹೆಜ್ಜೇನು ಇಳಿಸುವಾಗ ಬರಿದುಮಾಡದೆ ಉಳಿಸುವುದು, ಹೊಸ ರಾಗಿಯನ್ನು ತಾವು ಮುಟ್ಟುವ ಮುನ್ನ ರೊಟ್ಟಿ ಹಬ್ಬದಲ್ಲಿ ದೈವಕ್ಕೆ ಒಪ್ಪಿಸಿ, ಗೊರುಕನ ಪದಕ್ಕೆ ಹೆಜ್ಜೆಯಿಟ್ಟು ಎಲ್ಲರೂ ಹಂಚಿ ತಿನ್ನುವುದು, ದೊಡ್ಡ ಸಂಪಿಗೆಯ ಮರವನ್ನೇ ದೇವರೆಂದು ನಂಬಿ ಕಾಡಿಗೆ ಕೊಡಲಿ ತಾಗದಂತೆ ನೋಡಿಕೊಳ್ಳುವುದು. ಆದರೆ ಇವರನ್ನು ಸಂತೃಪ್ತಿಯ ಚಿತ್ರಪಟವನ್ನಾಗಿ ಗೋಡೆಗೆ ತೂಗುಹಾಕುವುದೂ ಅನ್ಯಾಯ. ಸಾಕೆನ್ನುವ ಅಧಿಕಾರವು ಬೇಕಾದದ್ದು ದೊರೆತವನಿಗೆ ಮಾತ್ರ ಉಂಟು. ಕಾಡು ರಕ್ಷಿತವಾದಾಗ ಬೇಸಾಯವನ್ನೂ ಫಲಸಂಗ್ರಹವನ್ನೂ ಕಳೆದುಕೊಂಡವರು ಇವರು. 1981ರಲ್ಲಿ ಡಾ. ಎಚ್. ಸುದರ್ಶನ್ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿ ವೈದ್ಯವನ್ನೂ ವಿದ್ಯೆಯನ್ನೂ ಬೆಟ್ಟಕ್ಕೆ ಒಯ್ದ ಮೇಲೆ, ಸೋಲಿಗರು ತಾವೇ ಸಂಘ ಕಟ್ಟಿಕೊಂಡು ಹಕ್ಕು ಕೇಳತೊಡಗಿದ ಮೇಲೆ, ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲಿಯೇ ಅವರ ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕಿನ ಪತ್ರಗಳು ಕೈಸೇರಿದವು. ಎಪಿಕ್ಯೂರಸನೂ ತೋಟವನ್ನು ಮೊದಲು ಕೊಂಡುಕೊಂಡೇ ಅಥೆನ್ಸಿನಲ್ಲಿ ಅಲ್ಪತೃಪ್ತಿಯ ಪಾಠವನ್ನು ಆರಂಭಿಸಿದನೆಂಬುದನ್ನು ನೆನಪಿಡುವುದು ಮೇಲು.

ಬೆಟ್ಟದಿಂದ ಕೆಳಗಿಳಿದರೆ ಯಳಂದೂರು. ಈ ಊರಿಗೂ ಕೊಳ್ಳೇಗಾಲಕ್ಕೂ ನಡುವೆ ಹದಿನೈದು ಕಿಲೋಮೀಟರಿನ ಆಸುಪಾಸು ದೂರವಾದರೂ, 1956ರವರೆಗೆ ಯಳಂದೂರು ಮೈಸೂರಿನದು, ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಯದು. ತಾನು ಯಾವ ಊರಿನವನೂ ಅಲ್ಲ, ಜಗತ್ತಿನ ಪ್ರಜೆಯೆಂದ ಡಯೋಜಿನಿಸನಿಗೆ ಇಂಥ ಗಡಿಗಳನ್ನು ಕಂಡು ನಗು ಬಂದೀತು. ಯಳಂದೂರನ್ನು 1807ರಲ್ಲಿ ಜಹಗೀರಾಗಿ ಪಡೆದವರು ದಿವಾನ್ ಪೂರ್ಣಯ್ಯನವರು. ಹೈದರನಿಗೆ, ಟಿಪ್ಪುವಿಗೆ, ಅವನ ಪತನಾನಂತರ ಆಂಗ್ಲರು ಪಟ್ಟಕ್ಕೆ ತಂದ ಎಳೆಯ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ, ಹೀಗೆ ಒಂದರ ವೈರಿಯಾದ ಇನ್ನೊಂದು ಪ್ರಭುತ್ವಕ್ಕೆ ಒಬ್ಬರೇ ಸೇವೆ ಸಲ್ಲಿಸಿದ್ದು ಸದ್ಗುಣವೋ ಸಮಯಸಾಧನೆಯೋ? ಪ್ಲೇಟೋವಾದರೆ ಮುಖ ತಿರುಗಿಸುತ್ತಿದ್ದ. ಅರಿಸ್ಟಾಟಲನು, ಕಾಲ, ಪಾತ್ರ, ಪ್ರಮಾಣಗಳನ್ನು ತೂಗಿ ನಡೆಯುವ ವ್ಯವಹಾರವಿವೇಕವನ್ನೇ ಎಲ್ಲ ಸದ್ಗುಣಗಳ ಸಾರಥಿಯೆಂದು ನಂಬಿದವನು, ಕೆರೆ ಕಾಲುವೆಗಳ ಲೆಕ್ಕವನ್ನು ತರಿಸಿ ನೋಡಿ ಆಮೇಲೆ ತೀರ್ಪು ಹೇಳುತ್ತಿದ್ದನೇನೋ. ನನಗೆ ಅರಿಸ್ಟಾಟಲನ ಪಕ್ಷವೇ ಹಿತ.

ಇದೇ ಯಳಂದೂರಿನಿಂದ ಮೈಸೂರಿನ ಅರಮನೆಗೆ ಹೋಗಿ, ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದುಕೊಂಡೇ ಕವಿಯಾದವಳು ಹೊನ್ನಮ್ಮ. ಹದಿನೇಳನೆಯ ಶತಮಾನದ ಅವಳ ‘ಹದಿಬದೆಯ ಧರ್ಮ’ವು ಗೃಹಿಣಿಯ ನಿತ್ಯದ ನಡೆಯನ್ನು ಸಾಂಗತ್ಯದಲ್ಲಿ ಹೇಳುವ ಕೃತಿ, ಪತಿವ್ರತಾಧರ್ಮದ ಬೇಲಿಯನ್ನು ದಾಟುವ ಉದ್ದೇಶ ಅದಕ್ಕಿಲ್ಲ. ಆದರೆ ಆ ಬೇಲಿಯ ಒಳಗಿನಿಂದಲೇ, ಹೆಣ್ಣುಮಗುವೆಂದು ಹಳಿಯುವವರನ್ನು, ನಿಮ್ಮನ್ನು ಹೆತ್ತವಳು ಯಾರೆಂದು ಅವಳು ಕೇಳಿಬಿಡುತ್ತಾಳೆ. ಎಪಿಕ್ಟೇಟಸನ ಗುರುವಾದ ಮುಸೋನಿಯಸ್ ರೂಫಸನು, ವಿವೇಕವು ಗಂಡಿಗೂ ಹೆಣ್ಣಿಗೂ ಸಮಾನವಾದದ್ದರಿಂದ ಮಗಳಿಗೂ ಮಗನಂತೆಯೇ ದರ್ಶನವನ್ನು ಕಲಿಸಬೇಕೆಂದು ವಾದಿಸಿದನು. ವಾದಿಸಿ, ಕಲಿತ ಹೆಣ್ಣು ಮನೆವಾರ್ತೆಯನ್ನು ಇನ್ನಷ್ಟು ಚೆನ್ನಾಗಿ ನಡೆಸಿಯಾಳೆಂದು ಸಮಾಧಾನವನ್ನೂ ಸೇರಿಸಿದನು. ಇಬ್ಬರೂ ಒಂದೇ ಎತ್ತರದ ಬೇಲಿಯ ಬಳಿ ನಿಂತವರು. ಗುಲಾಮಗಿರಿಯನ್ನು ಪ್ರಕೃತಿಸಿದ್ಧವೆಂದ ಅರಿಸ್ಟಾಟಲನ ಭಾಗವನ್ನು ನಾವು ಹೇಗೆ ಕಿತ್ತೆಸೆದು ಓದಬೇಕೋ ಹಾಗೆಯೇ ನಮ್ಮವರನ್ನೂ ಆರಿಸಿ ಓದುವುದರಲ್ಲಿ ಅಗೌರವವೇನಿಲ್ಲ.

ಆ ಅರಿಸ್ಟಾಟಲನೇ ತನ್ನ ನೀತಿಶಾಸ್ತ್ರದ ಹತ್ತು ಅಧ್ಯಾಯಗಳಲ್ಲಿ ಎರಡನ್ನು ಇಡಿಯಾಗಿ ಸ್ನೇಹಕ್ಕೆ ಮೀಸಲಿಟ್ಟಿದ್ದಾನೆ. ನ್ಯಾಯಕ್ಕೆ ಅವನು ಕೊಟ್ಟದ್ದು ಒಂದು. ಬಾಳುವೆಯ ವಿದ್ಯೆ ಒಬ್ಬೊಂಟಿಗನ ವಿದ್ಯೆಯಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ಒಟ್ಟಿಗೆ ಕುಳಿತು ಉಪ್ಪುಣ್ಣದೆ ಸ್ನೇಹವಿಲ್ಲವೆಂಬ ಲೋಕೋಕ್ತಿಯನ್ನು ಅವನೂ ಅಲ್ಲಿ ನೆನೆಯುತ್ತಾನೆ. ಚಿಕ್ಕಲ್ಲೂರಿನಲ್ಲಿ ಈ ಮಾತಿಗೆ ಒಂದು ದಿನವನ್ನೇ ಕೊಟ್ಟಿದ್ದಾರೆ. ಪುಷ್ಯಮಾಸದ ಹುಣ್ಣಿಮೆಯ ರಾತ್ರಿ, ಸಿದ್ದಪ್ಪಾಜಿಯ ಗದ್ದಿಗೆಯ ಮುಂದೆ ಚಂದ್ರಮಂಡಲವೆಂಬ ಜ್ಯೋತಿ ಹೊತ್ತಿ ಉರಿಯುವುದರೊಡನೆ ಮೊದಲಾಗುವ ಐದು ದಿನಗಳ ಜಾತ್ರೆಯಲ್ಲಿ ಪಂಕ್ತಿಸೇವೆಯ ದಿನ ಬಂದಿತೆ, ಹೊಲಗಳ ಬಯಲೆಲ್ಲ ಒಲೆಗಳಾಗುತ್ತವೆ. ಮೂರು ಕಲ್ಲು, ಒಂದು ಪಾತ್ರೆ, ರಾಗಿಯ ಮುದ್ದೆ, ಬಾಡಿನ ಸಾರು. ನೆರೆಯ ಬಿಡಾರದವರು ಯಾವ ಊರು, ಯಾವ ಕುಲವೆಂದು ಕೇಳದೆ ಸಾಲಾಗಿ ಕುಳಿತು ಉಣ್ಣುವುದೇ ಅಲ್ಲಿಯ ಸೇವೆ. ಪ್ರಾಣಿಬಲಿಯನ್ನು ನಿಷೇಧಿಸುವ 1959ರ ಕಾಯಿದೆಯ ಹೆಸರಿನಲ್ಲಿ ಆಡಳಿತ ಇದಕ್ಕೆ ಅಡ್ಡಿಮಾಡಿದಾಗಲೆಲ್ಲ, ಇದು ದೇವರಿಗೆ ಕೊಡುವ ಬಲಿಯಲ್ಲ, ನಾವು ಕೂಡಿ ಉಣ್ಣುವ ಊಟವೆಂದು ಒಕ್ಕಲಿನವರು ವಾದ ಹೂಡುತ್ತ ಬಂದಿದ್ದಾರೆ. ಜಾತ್ರೆ ಮುಗಿಸಿ ಊರಿಗೆ ಮರಳಿದ ಮೇಲೆ ಕೇರಿಕೇರಿಗಳ ನಡುವಿನ ಗೋಡೆಗಳು ಹಾಗೆಯೇ ನಿಂತಿರುತ್ತವೆಂಬುದನ್ನು ಅವರೂ ಅರಿಯದವರಲ್ಲ. ಆದರೂ ವರ್ಷಕ್ಕೊಮ್ಮೆಯಾದರೂ ಗೋಡೆಯಿಲ್ಲದ ಊಟ ಹೇಗಿರುತ್ತದೆಂಬುದನ್ನು ನಾಲಗೆ ಬಲ್ಲದಾಗಿರುವುದು ಸಣ್ಣ ಸಂಪಾದನೆಯಲ್ಲ. ಅಭ್ಯಾಸವೆಂದರೆ ಗ್ರೀಕರೂ ಇದನ್ನೇ ಹೇಳುತ್ತಿದ್ದರು.

ಎಪಿಕ್ಯೂರಸನು ಕ್ರಿ.ಪೂ. 270ರಲ್ಲಿ, ಮೂತ್ರಾಶಯದ ಕಲ್ಲಿನ ಯಾತನೆಯ ನಡುವೆ, ಮಿತ್ರನೊಡನೆ ಆಡಿದ ಹಳೆಯ ಮಾತುಗಳ ನೆನಪೇ ತನಗೆ ಸಾಕಾದ ಸುಖವೆಂಬ ಅಭಿಪ್ರಾಯದ ಪತ್ರ ಬರೆದು ತೀರಿಕೊಂಡನು. ಅವನ ಉಯಿಲು ನಮಗೆ ಉಳಿದಿದೆ. ಮೂವರು ದಾಸರನ್ನೂ ಒಬ್ಬ ದಾಸಿಯನ್ನೂ ಬಿಡುಗಡೆ ಮಾಡಿದ್ದಾನೆ. ತೋಟವನ್ನು ಜತೆಯವರ ವಾಸಕ್ಕೆ ಬಿಟ್ಟಿದ್ದಾನೆ. ತೀರಿಹೋದ ಗೆಳೆಯ ಮೆಟ್ರೊಡೋರಸನ ಮಕ್ಕಳ ಪಾಲನೆಗೆ, ಮಗಳ ಮದುವೆಗೆ ಹಣ ತೆಗೆದಿರಿಸಿದ್ದಾನೆ. ಪ್ರತಿ ತಿಂಗಳ ಇಪ್ಪತ್ತನೆಯ ದಿನ ಎಲ್ಲರೂ ಕೂಡಬೇಕೆಂದೂ, ತನ್ನ ಹುಟ್ಟುಹಬ್ಬವನ್ನು ಗಮೇಲಿಯೋನ್ ಮಾಸದ ಹತ್ತನೆಯ ದಿನ ನಡೆಸಬೇಕೆಂದೂ ವಿಧಿಸಿದ್ದಾನೆ. ಗಮೇಲಿಯೋನ್ ಎಂದರೆ ಹೆಚ್ಚುಕಡಮೆ ನಮ್ಮ ಪುಷ್ಯ ಮಾಘಗಳ ಚಳಿಗಾಲ. ಆ ತೋಟದಲ್ಲಿ ಹೆಂಗಸರೂ ದಾಸರೂ ಸಮನಾಗಿ ಕೂರುತ್ತಿದ್ದರೆಂದು ಅಥೆನ್ಸಿನ ಗಣ್ಯರು ಆಡಿಕೊಂಡ ಮಾತುಗಳು ಗ್ರಂಥಗಳಲ್ಲಿ ಸಿಕ್ಕುತ್ತವೆ, ಇಪ್ಪತ್ತನೆಯ ದಿನದ ಕೂಟ ಮಾತ್ರ ನಿಂತು ಎಷ್ಟೋ ಶತಮಾನಗಳಾದವು. ಚಿಕ್ಕಲ್ಲೂರಿನದು ನಡೆಯುತ್ತಿದೆ. ಹೋಗುವವರು ಕೊಳ್ಳೇಗಾಲದಲ್ಲಿ ಜಾತ್ರೆಯ ಬಸ್ಸು ಹಿಡಿಯಬಹುದು. ಹಾಸಲು ಒಂದು ಕಂಬಳಿ ಒಯ್ಯುವುದು ಒಳ್ಳೆಯದು, ಪುಷ್ಯದ ಚಳಿ ಅಲ್ಲಿ ಜೋರು.